ಬಂಡೆಮನೆಗಳಿಗೆ ಹೊರಡುವ ಮುನ್ನ

ಪ್ರಶ್ನೆ: ಮೈಸೂರಿನಿಂದ ಅಮ್ಮ ಬಂದಿದ್ದಾರೆ. ಮರುಭೂಮಿಯ ಬಂಡೆಗಳಲ್ಲಿ ಕಟ್ಟಿದ ಹಳೆಯ ಮನೆಗಳನ್ನು ಒಳಹೊಕ್ಕು ನೋಡುವಾಸೆ ಅವರಿಗೆ. ಆದರೆ ಮಂಡಿನೋವು. ಎಲ್ಲಿಗೆ ಕರೆದೊಯ್ಯಲಿ?
– ಓದುಗರೊಬ್ಬರು, ಫೀನಿಕ್ಸ್

ಉತ್ತರ: ಒಳಗೆ ಕಾಲಿಡಲೇಬೇಕೆಂದರೆ ಕೊಲೊರಾಡೊದ ಮೆಸಾ ವರ್ಡೆಗೆ ಹೋಗಬಹುದು. ಆದರೆ ಅಲ್ಲಿನ ಬಾಲ್ಕನಿ ಹೌಸ್ ಅಮ್ಮನಿಗೆ ಬೇಡವೇ ಬೇಡ. 32 ಅಡಿಯ ಏಣಿ ಹತ್ತಬೇಕು, 18 ಇಂಚು ಅಗಲದ ಸುರಂಗದಲ್ಲಿ ಅಂಬೆಗಾಲಿಕ್ಕಬೇಕು. ಕ್ಲಿಫ್ ಪ್ಯಾಲೆಸ್‌ನಲ್ಲೂ ಏಣಿಗಳಿವೆ. ಸುಮಾರು 7,000 ಅಡಿ ಎತ್ತರವಾದ್ದರಿಂದ ಬೇಗ ಏದುಸಿರು ಬರುತ್ತದೆ.

ನಿಮ್ಮೂರಿನಿಂದ ಉತ್ತರಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಮಾಂಟೆಜುಮಾ ಕ್ಯಾಸಲ್ ಸಿಗುತ್ತದೆ. ಸಿನಾಗುವಾ ಜನ ಕಟ್ಟಿದ ಐದಂತಸ್ತಿನ ಮನೆ, ಸುಮಾರು 20 ಕೋಣೆಗಳು. 1951ರಿಂದ ಮೇಲೆ ಹತ್ತಲು ಯಾರಿಗೂ ಬಿಡುವುದಿಲ್ಲ. ಬೇಸರ ಬೇಡ, ಕೆಳಗಿನ ಸಮತಟ್ಟು ದಾರಿಯಿಂದ ಇಡೀ ಮನೆ ಒಂದೇ ನೋಟಕ್ಕೆ ದಕ್ಕುತ್ತದೆ. ಪಕ್ಕದಲ್ಲೇ ಬೀವರ್ ಕ್ರೀಕ್ ಹೊಳೆ, ಅದರ ದಡದ ಸಿಕಮೋರ್ ಮರಗಳು. ಮನೆಯ ತೊಲೆಗಳೂ ಸಿಕಮೋರ್‌ನವೇ. ಹೊಳೆ, ಮರ, ಮನೆ ಮೂರನ್ನೂ ಒಟ್ಟಿಗೆ ನೋಡಿದಾಗ ಅಲ್ಲಿನವರ ಬದುಕು ತಿಳಿಯುತ್ತದೆ. ಬೇಸಿಗೆಯಾದರೆ ಬೆಳಗ್ಗೆ ಬೇಗ ಹೋಗಿ, ನೀರು ಧಾರಾಳವಾಗಿರಲಿ.

ಪ್ರಶ್ನೆ: ಇಂಥ ಜಾಗಗಳ ಸುತ್ತ ಮಡಕೆಚೂರು ಬೇಕಾದಷ್ಟು ಬಿದ್ದಿರುತ್ತದಂತೆ. ಮಗಳು ಒಂದನ್ನು ತರಬಹುದೇ?
– ಓದುಗರೊಬ್ಬರು, ಡೆನ್ವರ್

ಉತ್ತರ: ಖಂಡಿತ ಕೂಡದು. ಪುರಾತತ್ವ ವಸ್ತುಗಳನ್ನು ರಕ್ಷಿಸುವ 1979ರ ಕಾಯ್ದೆಯ ಪ್ರಕಾರ ಶಿಕ್ಷೆಯೂ ಇದೆ. ಆದರೆ ಮಗಳಿಗೆ ಕಾನೂನಿನ ಹೆದರಿಕೆ ಹುಟ್ಟಿಸುವ ಬದಲು ಆ ಮಡಕೆಗಳನ್ನು ಮಾಡಿದ ಜನರ ಕತೆ ಹೇಳಿ. ಮೆಸಾ ವರ್ಡೆಯವರು 13ನೇ ಶತಮಾನದ ಕೊನೆಯಲ್ಲಿ, ದೀರ್ಘ ಬರಗಾಲದ ನಡುವೆ ಊರು ಬಿಟ್ಟು ದಕ್ಷಿಣಕ್ಕೆ ಹೋದರು. ‘ನಿಗೂಢವಾಗಿ ಮಾಯವಾದರು’ ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಸಂತತಿ ಹೋಪಿ, ಝೂನಿ, ಅಕೋಮಾ ಜನರಾಗಿ ಇಂದಿಗೂ ಬಾಳುತ್ತಿದೆ. ಹೋಪಿಗಳಿಗೆ ಆ ಚೂರುಗಳು ಹಿರಿಯರು ನಡೆದ ದಾರಿಯ ಹೆಜ್ಜೆಗುರುತು. 1891ರಲ್ಲಿ ಸ್ವೀಡನ್ನಿನ ಸಂಶೋಧಕ ಗುಸ್ತಾಫ್ ನೂರ್ಡೆನ್‌ಶೆಲ್ಡ್ ಮೆಸಾ ವರ್ಡೆಯಲ್ಲಿ ಅಗೆದು ಸಾಗಿಸಿದ ವಸ್ತುಗಳು ಫಿನ್ಲೆಂಡ್ ಸೇರಿದವು; ಅವುಗಳ ಜೊತೆ ಹೋದ ಹಿರಿಯರ ಅಸ್ಥಿಗಳು ಮರಳಿ ಬಂದದ್ದು 2020ರಲ್ಲಿ.

ಚೂರು ಬಿದ್ದಿರುವ ಜಾಗವೂ ಪುರಾತತ್ವಜ್ಞರಿಗೆ ಸಾಕ್ಷಿ. ಹಾಗಾಗಿ ಕೈಗೆತ್ತಿಕೊಂಡಿದ್ದರೆ ಅಲ್ಲೇ ಇಡಿಸಿ. ಬಿಳಿಯ ಮೇಲೆ ಕಪ್ಪು ಗೆರೆಗಳ ಚಿತ್ತಾರ ಕಂಡರೆ ಪುಸ್ತಕದಲ್ಲಿ ಬಿಡಿಸಿಕೊಳ್ಳಲಿ.