ಸಾವಯವ ಕೃಷಿಯ ವಿಸ್ತರಣೆಯಲ್ಲಿ ಗ್ರಾಮ ಪಂಚಾಯತಿಯ ಪಾತ್ರ

(ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ರಾಜ್ಯ ಸರ್ಕಾರವು 2004ರಲ್ಲಿಯೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಸಾವಯವದ ಮಾತು ಕೇಳದ ರೈತರು ಇಂದು ವಿರಳ. ಆದರೂ ಅವರು ಹಿಂಜರಿಯುತ್ತಿದ್ದರೆ ಅದಕ್ಕೆ ಕಾರಣ ಅಜ್ಞಾನವಲ್ಲ, ಲೆಕ್ಕಾಚಾರ. ರಾಸಾಯನಿಕ ಗೊಬ್ಬರ ಬಿಟ್ಟ ಆರಂಭದ ವರ್ಷಗಳಲ್ಲಿ ಇಳುವರಿ ಕುಗ್ಗಬಹುದು. ಪ್ರಮಾಣಪತ್ರ ಕೈಸೇರುವವರೆಗೆ ಹೆಚ್ಚಿನ ಬೆಲೆಯೂ ದೊರೆಯದು. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮಾನದಂಡದಂತೆ ಈ ಪರಿವರ್ತನಾ ಅವಧಿಯು ಸಾಮಾನ್ಯವಾಗಿ ವಾರ್ಷಿಕ ಬೆಳೆಗಳಿಗೆ 2 ವರ್ಷ, ನಿಂಬೆಯಂತಹ ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ. ಸಾಲವಿರುವ, ಲಾವಣಿ ಹೊಲ ಮಾಡುವ ಕುಟುಂಬಕ್ಕೆ ಈ ಅವಧಿಯನ್ನು ದಾಟುವುದೇ ಕಷ್ಟ.

ಆದುದರಿಂದ ಇಡೀ ಹೊಲವನ್ನು ಒಮ್ಮೆಲೇ ಬದಲಿಸುವಂತೆ ರೈತರನ್ನು ಒತ್ತಾಯಿಸುವುದು ಸಲ್ಲದು. ಶ್ರೀಲಂಕಾ ಸರ್ಕಾರವು 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ಭತ್ತದ ಇಳುವರಿ ಕುಸಿಯುವ ಭೀತಿ ಹಾಗೂ ರೈತರ ಪ್ರತಿಭಟನೆಯ ನಡುವೆ ಕೆಲವೇ ತಿಂಗಳುಗಳಲ್ಲಿ ಆದೇಶವನ್ನು ಹಿಂಪಡೆಯಬೇಕಾಯಿತು. ನಮ್ಮ ಎರೆ ಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಮತ್ತು ಕಡಲೆ ಮಣ್ಣಿನ ತೇವದ ಮೇಲೆಯೇ ಬೆಳೆಯುತ್ತವೆ; ರಾಸಾಯನಿಕದ ಅವಲಂಬನೆ ಕಡಿಮೆ. ಆರಂಭಕ್ಕೆ ಇಂತಹ ಒಂದೆರಡು ಎಕರೆ ಸಾಕು. ತೊಗರಿಯಲ್ಲಿ ಕಾಯಿಕೊರಕದ ಬಾಧೆ ಇರುವುದರಿಂದ ಗಿಡ ಅಲುಗಾಡಿಸಿ ಹುಳು ಉದುರಿಸುವುದು, ಶೇ 5ರ ಬೇವಿನ ಬೀಜದ ಕಷಾಯ ಸಿಂಪಡಿಸುವುದು ಮೊದಲೇ ರೂಢಿಯಾಗಬೇಕು. ಕಾಲುವೆ ನೀರಿನ ಕಬ್ಬನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಎರಡನೆಯ ಅಡಚಣೆ ಗೊಬ್ಬರದ್ದು. ಒಂದು ಎತ್ತು ದಿನಕ್ಕೆ ಸುಮಾರು 10 ಕಿಲೊ ಸಗಣಿ ಕೊಡುತ್ತದೆ. ಕೊಳೆತು ಗೊಬ್ಬರವಾಗುವಾಗ ಅದರ ತೂಕ ಬಹಳಷ್ಟು ಇಳಿಯುತ್ತದೆ. ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮನೆಗೆ ಸಾವಯವದ ಉಪದೇಶ ಮಾಡಿ ಫಲವೇನು? ಇಲ್ಲಿ ಪಂಚಾಯತಿಯ ಅಧಿಕಾರ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಉದ್ಯೋಗ ಖಾತರಿಯಡಿ ಅರ್ಹ ಕುಟುಂಬಗಳಿಗೆ ಎರೆಹುಳು ಗೊಬ್ಬರದ ತೊಟ್ಟಿ, ದನದ ಕೊಟ್ಟಿಗೆ, ಬದು ನಿರ್ಮಾಣ ಮುಂತಾದ ಕಾಮಗಾರಿಗಳನ್ನು ಗ್ರಾಮಸಭೆಯ ಮೂಲಕ ಕ್ರಿಯಾ ಯೋಜನೆಗೆ ಸೇರಿಸಬಹುದು. ಬದುವಿನ ಮೇಲೆ ಗ್ಲಿರಿಸಿಡಿಯಾ ನೆಟ್ಟರೆ ಹಸಿರೆಲೆ ಗೊಬ್ಬರ ಹೊಲದಲ್ಲಿಯೇ ಸಿಗುತ್ತದೆ.

ಪ್ರಮಾಣೀಕರಣದಲ್ಲಿ ಪಿಜಿಎಸ್ ಪದ್ಧತಿ ಸಣ್ಣ ರೈತರಿಗೆ ಹಗುರ. ಕನಿಷ್ಠ 5 ರೈತರ ಗುಂಪು ರಚಿಸಿಕೊಂಡು ಪರಸ್ಪರರ ಹೊಲಗಳನ್ನು ಪರಿಶೀಲಿಸಿ ದಾಖಲಿಸುತ್ತದೆ. ಇದು ದೇಶದೊಳಗಿನ ಮಾರಾಟಕ್ಕೆ ಸಲ್ಲುತ್ತದೆ, ರಫ್ತಿಗೆ ಸಲ್ಲದು. 2015ರಲ್ಲಿ ಆರಂಭವಾದ ಪರಂಪರಾಗತ ಕೃಷಿ ವಿಕಾಸ ಯೋಜನೆಯು ಇಂತಹ ಗುಂಪುಗಳಿಗೆ ನೆರವು ನೀಡುತ್ತದೆ. ವಿವರ ರೈತ ಸಂಪರ್ಕ ಕೇಂದ್ರದಲ್ಲಿ ಲಭ್ಯ. ಇಂಡಿ ನಿಂಬೆಗೆ 2023ರಲ್ಲಿ ದೊರೆತ ಜಿಐ ಮಾನ್ಯತೆಯು ಊರಿನ ಗುರುತೇ ಹೊರತು ಸಾವಯವದ ಪ್ರಮಾಣವಲ್ಲ ಎಂಬುದನ್ನು ಬೆಳೆಗಾರರಿಗೆ ತಿಳಿಸಬೇಕು.

ಗುಂಪು ಒಡೆಯುವುದು ಹೆಚ್ಚಾಗಿ ಬದುವಿನ ಬಳಿ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ತೇಲಿ ಬಂದರೆ ಪ್ರಮಾಣಪತ್ರಕ್ಕೆ ಕುಂದು. ನಡುವೆ ಕಾಪು ಪಟ್ಟಿ ಬಿಡುವುದು ಅಗತ್ಯ. ಆ ಜಾಗವನ್ನು ಯಾರು ಬಿಡಬೇಕು ಎಂಬುದನ್ನು ಬಿತ್ತನೆಗೆ ಮುಂಚೆಯೇ ಇಬ್ಬರನ್ನೂ ಕೂಡಿಸಿ ತೀರ್ಮಾನಿಸುವ ಕೆಲಸ ವಾರ್ಡಿನ ಸದಸ್ಯರದು.