ಮ್ಯಾಲ ಏನ್ ಹಾಕ್ಲಿರಿ?

ಇಂಗ್ಲೆಂಡಿನ ಹಲ್ ಎಂಬ ಊರಿನಲ್ಲಿ ನನ್ನೊಬ್ಬ ಗೆಳೆಯನಿದ್ದಾನೆ. ಅವನು ಮೈಸೂರಿನವನು, ಹೆಂಡತಿ ಆಳಂದದ ಕಡೆಯವಳು. ಬರುವ ಡಿಸೆಂಬರಿಗೆ ಮಕ್ಕಳನ್ನು ಕರೆದುಕೊಂಡು ಮಾವನ ಮನೆಗೆ ಹೊರಟಿದ್ದಾನೆ. ತುಮಕೂರು ದಾಟಿ ಉತ್ತರಕ್ಕೆ ಬಂದವನಲ್ಲ. ನಾನು ಕಲಬುರಗಿಯಲ್ಲಿ ಹುಟ್ಟಿದವನು ಎಂಬ ಒಂದೇ ಅರ್ಹತೆ ನೋಡಿ ಫೋನು ಮಾಡಿದ: “ನಮ್ಮ ಹುಡುಗರಿಗೆ ಶುಕ್ರವಾರ ಬಂತಂದ್ರೆ ಫಿಶ್ ಅಂಡ್ ಚಿಪ್ಸ್ ಆಗಲೇಬೇಕು ಕಣೋ. ಅಲ್ಲಿ ಏನು ಸಿಗುತ್ತೆ?”

ಮೊದಲು ನಕ್ಕೆ. ಆಮೇಲೆ ಹೋದ ಚಳಿಗಾಲದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಸುತ್ತಿ ಬಂದದ್ದು ನೆನಪಾಗಿ ನಗು ನಿಂತಿತು. ಕರಿದ ಮೀನು ಅಲ್ಲುಂಟು, ಅದೂ ಭೀಮಾ ಹೊಳೆಯದು. ಕರಿದದ್ದರ ಮೇಲೆ ಏನು ಉದುರಿಸಬೇಕು ಎಂಬ ಜಗಳವೂ ಉಂಟು. ಎರಡೂ ಒಂದೇ ಅಂಗಡಿಯಲ್ಲಿ ಸಿಗುವುದಿಲ್ಲ, ಅಷ್ಟೇ.

ಅವನ ಊರಿನ ಕತೆ ಕೇಳಿ. ಹಲ್‌ನಲ್ಲಿ ಚಿಪ್ಸ್ ಮೇಲೆ ಉಪ್ಪು, ಪ್ಯಾಪ್ರಿಕಾ ಬೆರೆಸಿದ ಕೆಂಪು ಪುಡಿ ಉದುರಿಸುತ್ತಾರೆ. ‘ಚಿಪ್ ಸ್ಪೈಸ್’ ಎಂದು ಅದರ ಹೆಸರು. 1970ರ ದಶಕದ ಕೊನೆಗೆ ಆ ಊರಿನಲ್ಲೇ ಹುಟ್ಟಿದ್ದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಗ್ರೇವಿ ಸುರಿಯುತ್ತಾರೆ, ಪಕ್ಕದಲ್ಲಿ ಕುದಿಸಿ ಮುದ್ದೆ ಮಾಡಿದ ಬಟಾಣಿ. ಎಡಿನ್‌ಬರೋದಲ್ಲಿ ಉಪ್ಪಿನ ಜೊತೆ ಕಂದು ಸಾಸ್, ರೈಲಿನಲ್ಲಿ ಒಂದು ತಾಸಿನ ದಾರಿಯ ಗ್ಲಾಸ್ಗೋಗೆ ಹೋದರೆ ಉಪ್ಪು–ವಿನೆಗರ್. ಒಂದೂರಿನವರಿಗೆ ಇನ್ನೊಂದೂರಿನದು ಬಾಯಿಗೆ ಹತ್ತುವುದಿಲ್ಲ. ಇಷ್ಟು ಗೊತ್ತಿದ್ದವನಿಗೆ ನಮ್ಮ ಕಡೆಯ ಮಿರ್ಚಿ ಬಂಡಿ ಅರ್ಥವಾಗಲಿಕ್ಕೆ ಅರ್ಧ ತಾಸು ಸಾಕು.

ಆದರೆ ಮೈಸೂರಿನವನಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಂಡಿಯವನು “ಹಿಂಡಿ ಹಾಕ್ಲಿರಿ?” ಅಂದರೆ ಗಾಬರಿಯಾಗಬೇಡ. ನಿಮ್ಮ ಕಡೆ ಹಿಂಡಿ ಎಂದರೆ ದನಕ್ಕೆ ಬೂಸಾ ಜೊತೆ ಇಡುವುದು. ಇಲ್ಲಿ ಹಿಂಡಿ ಎಂದರೆ ಚಟ್ನಿಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಪುಟಾಣಿ (ನಿಮ್ಮ ಹುರಿಗಡಲೆ) ಹಿಂಡಿ. ರೊಟ್ಟಿ ಇದ್ದಲ್ಲಿ ಇದು ಇದ್ದೇ ಇರುತ್ತದೆ. ಇನ್ನೊಂದು ತೊಡಕು ‘ಭಜ್ಜಿ’. ಡಿಸೆಂಬರ್–ಜನವರಿಯಲ್ಲಿ ಎಳ್ಳ ಅಮಾವಾಸ್ಯೆ ಬರುತ್ತದೆ. ಆ ದಿನ ಮಾವನ ಮನೆಯವರು “ಹೊಲಕ್ಕ ಹೋಗಿ ಭಜ್ಜಿ ಉಣ್ಣೂಣು ಬರ್ರಿ” ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಂಡು ಹೋಗಬೇಡ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಪಲ್ಯ ಅದು, ಸಜ್ಜಿ ರೊಟ್ಟಿ ಜೊತೆಗೆ. ಕರಿದದ್ದರ ಆಸೆ ಇಟ್ಟುಕೊಂಡು ಹೋದವನು ನಿರಾಶನಾಗುತ್ತಾನೆ. ಉಂಡ ಮೇಲೆ ನಿರಾಶೆ ಮರೆಯುತ್ತಾನೆ.

ದಾರಿಯ ವಿಷಯ. ಕಲಬುರಗಿಯಲ್ಲಿ ರೂಮು ಹಿಡಿಯಿರಿ. ಆಳಂದ ವಾಯವ್ಯಕ್ಕೆ, ಅಫಜಲಪುರ ಪಶ್ಚಿಮಕ್ಕೆ, ಜೇವರ್ಗಿ ದಕ್ಷಿಣಕ್ಕೆ. ಒಂದೊಂದಕ್ಕೆ ಒಂದೊಂದು ದಿನ ಹೋಗಿ ಸಂಜೆ ವಾಪಸು ಬರುವುದೇ ಸರಿ. ನಾನು ಜಾಣತನ ಮಾಡಲು ಹೋಗಿ ಆಳಂದದಿಂದ ನೇರ ಅಫಜಲಪುರಕ್ಕೆ ಎಂದು ಒಂದು ಕ್ರೂಸರ್ ಹತ್ತಿದೆ. “ಹೊಂಟೇಬಿಟ್ಟದರಿ” ಎಂದ ಡ್ರೈವರ್, ಗಾಡಿ ಬಿಟ್ಟದ್ದು ಒಂದೂವರೆ ತಾಸಿನ ಮೇಲೆ, ಒಳಗೆ ಹದಿನಾರು ಮಂದಿ ತುಂಬಿದ ಮೇಲೆ. ನನ್ನ ತೊಡೆಯ ಮೇಲೆ ಯಾರದೋ ತೊಗರಿ ಚೀಲ. ಅರ್ಧ ದಾರಿಯಲ್ಲಿ ಒಂದು ಕೂಡುರಸ್ತೆಯ ಹತ್ತಿರ ಇಳಿಸಿ, “ಮುಂದ ಗಾಡಿ ಹೋಗಂಗಿಲ್ರಿ, ಇಲ್ಲೇ ಬ್ಯಾರೆ ಸಿಗ್ತದ” ಎಂದ. ಸಿಕ್ಕಿತು, ಕತ್ತಲಾದ ಮೇಲೆ. ಪೂರ್ತಿ ಬಾಡಿಗೆ ಮೊದಲೇ ಕೊಟ್ಟಿದ್ದೆ, ನೀವು ಕೊಡಬೇಡಿ.

ಬೇಸಿಗೆಯಲ್ಲಿ ಬರುವ ಮಾತೇ ಬೇಡ. ಮೇ ತಿಂಗಳ ಕಲಬುರಗಿಯಲ್ಲಿ ಕುದಿಯುವ ಎಣ್ಣೆಯ ಮುಂದೆ ನಿಲ್ಲುವುದು ಬಂಡಿಯವನ ಹಣೆಬರಹ, ನಿಮ್ಮದಲ್ಲ. ಶ್ರಾವಣವೂ ಬೇಡ; ಮೀನು ಮುಟ್ಟದ ಮನೆಗಳೇ ಹೆಚ್ಚು.

ಆಳಂದದಲ್ಲಿ ಲಾಡ್ಲೆ ಮಶಾಯಖ್ ದರ್ಗಾ ನೋಡುವಂಥದ್ದು. ದಾರಿಯಲ್ಲಿ ಕಡಗಂಚಿ ಬರುತ್ತದೆ, 2009ರಲ್ಲಿ ಶುರುವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅಲ್ಲಿದೆ. ವಿದ್ಯಾರ್ಥಿಗಳಿದ್ದ ಕಡೆ ಫಿಂಗರ್ ಚಿಪ್ಸ್, ಬಾಟಲಿ ಸಾಸ್ ಇದ್ದದ್ದೇ. ಅಷ್ಟು ದೂರ ವಿಮಾನ ಹತ್ತಿ ಬಂದು ಅದನ್ನು ತಿನ್ನುವವರಿಗೆ ನನ್ನಿಂದ ಯಾವ ಸಹಾಯವೂ ಇಲ್ಲ.

ಸಂಜೆ ಐದರ ಮೇಲೆ ಪೇಟೆಗೆ ಬನ್ನಿ. ಮಹಾರಾಷ್ಟ್ರದ ಉಮರ್ಗಾ, ಅಕ್ಕಲಕೋಟ ಇಲ್ಲಿಂದ ಹತ್ತಿರ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ತಿರುಗಿ ಉರ್ದುವಿನಲ್ಲಿ ಮುಗಿಯುತ್ತದೆ, ಬಂಡಿಯ ಮೇಲಿನ ಡಬ್ಬಿಗಳೂ ಹಾಗೆಯೇ. ನಾನು ನಿಂತ ಬಂಡಿಯಲ್ಲಿ ಅಗಲವಾದ ಕಬ್ಬಿಣದ ಬಾಣಲೆ, ಅದರ ಪಕ್ಕ ಕಡ್ಲಿಹಿಟ್ಟಿನ ಬೋಗುಣಿ. ತೆಳುಹಸಿರಿನ ಉದ್ದ ಮೆಣಸಿನಕಾಯಿಯನ್ನು ಉಗುರಿನಿಂದಲೇ ಸೀಳಿ, ಒಳಗೆ ಹುಂಚಿಹಣ್ಣು, ಅಜವಾನ, ಉಪ್ಪು ಅರೆದದ್ದನ್ನು ಬೆರಳಿನಿಂದ ಎಳೆಯುತ್ತಾನೆ. ತೊಟ್ಟು ಹಿಡಿದು ಹಿಟ್ಟಿನಲ್ಲಿ ಮುಳುಗಿಸಿ, ಬೋಗುಣಿಯ ಅಂಚಿಗೆ ಒಂದೇ ಮೈ ಸವರಿ ಎಣ್ಣೆಗೆ ಬಿಡುತ್ತಾನೆ. ಹಾಗಾಗಿ ಒಂದು ಮೈ ಹಿಟ್ಟು ದಪ್ಪ, ಇನ್ನೊಂದು ಮೈಯಲ್ಲಿ ಮೆಣಸಿನಕಾಯಿಯ ಹಸಿರು ಕಾಣುತ್ತದೆ. ಯಾಕೆ ಹೀಗೆ ಎಂದು ಕೇಳಿದೆ. “ಪೂರಾ ಮುಚ್ಚಿದ್ರ ಕಾಯಿ ಒಳಗ ಕುದೀತದರಿ ಕಾಕಾ, ಕರಿಯಂಗಿಲ್ಲ” ಎಂದ. ಇಪ್ಪತ್ತೆರಡರ ಹುಡುಗ ಇದ್ದಾನು. ನನ್ನನ್ನು ಕಾಕಾ ಎಂದದ್ದಕ್ಕೆ ಒಂದು ಕ್ಷಣ ಬೇಜಾರಾಯಿತು.

ಝಾರಿಯಿಂದ ಎತ್ತಿ, ಎಣ್ಣೆ ಬಸಿದು, ಹಳೆ ಪೇಪರಿನ ತುಂಡಿನ ಮೇಲೆ ಇಟ್ಟು, ತಲೆ ಎತ್ತದೆಯೇ ಕೇಳಿದ: “ಮ್ಯಾಲ ಏನ್ ಹಾಕ್ಲಿರಿ?”

ಇಲ್ಲಿ ಜಾಗ್ರತೆ. “ಎಲ್ಲಾ ಹಾಕಪಾ” ಎನ್ನುವವನು ಹೊರಗಿನವನು ಎಂದು ತಕ್ಷಣ ಗೊತ್ತಾಗುತ್ತದೆ, ಎಲ್ಲಾ ಹಾಕಿದರೆ ಯಾವುದೂ ನಾಲಿಗೆಗೆ ಹತ್ತುವುದಿಲ್ಲ. ನಾನು ಕಂಡಂತೆ ಆಳಂದದವರ ಒಲವು ಬಳ್ಳೊಳ್ಳಿ–ಕೆಂಪುಖಾರದ ಒಣ ಚಟ್ನಿಗೆ, ಇಲ್ಲವೆ ಹಸಿಮೆಣಸಿನಕಾಯಿ ಜಜ್ಜಿದ ಠೇಚಾಕ್ಕೆ. ಪಕ್ಕದಲ್ಲಿ ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಚ್ಚಿದ ಇನ್ನೊಂದು ಮೆಣಸಿನಕಾಯಿ. ಮೆಣಸಿನಕಾಯಿಯ ಮೇಲೆ ಮೆಣಸಿನಕಾಯಿ ಹಾಕಿ, ಜೊತೆಗೆ ಕಚ್ಚಿಕೊಳ್ಳಲು ಮೆಣಸಿನಕಾಯಿ ಕೊಡುವ ಊರು ಅದು. ಹಲ್‌ನ ಮಕ್ಕಳಿಗೆ ಆಲೂಭಜಿ ಕೊಡಿಸಿ, ಮೇಲೆ ಉಪ್ಪು ಮಾತ್ರ.

ಅಫಜಲಪುರಕ್ಕೆ ಹೋದರೆ ಶೇಂಗಾ ಹಿಂಡಿಯ ರಾಜ್ಯ. ಸೊಲ್ಲಾಪುರದ ಶೇಂಗಾ ಚಟ್ನಿ ಎಲ್ಲರಿಗೂ ಗೊತ್ತು, ಅದರ ಗಾಳಿ ಇಲ್ಲಿಗೂ ಬೀಸಿದೆ. ಮಿಕ್ಸಿಯಲ್ಲಿ ಗರಗರ ತಿರುಗಿಸಿದ್ದು ಹಿಂಡಿಯೇ ಅಲ್ಲ, ಇದು ನನ್ನ ಖಂಡಿತ ಅಭಿಪ್ರಾಯ. ಹುರಿದ ಶೇಂಗಾ, ಬಳ್ಳೊಳ್ಳಿ, ಖಾರಪುಡಿ, ಉಪ್ಪನ್ನು ಒರಳಲ್ಲಿ ಕುಟ್ಟಿ ಕುಟ್ಟಿ, ಕಾಳಿನ ಎಣ್ಣೆ ಹೊರಬಂದು ಪುಡಿಯೇ ಮುದ್ದೆಗಟ್ಟಬೇಕು. ಹಿಡಿಯಲ್ಲಿ ಅದುಮಿದರೆ ಬೆರಳಿನ ಗುರುತು ಉಳಿಯಬೇಕು. ಬಿಸಿ ಉಳ್ಳಾಗಡ್ಡಿ ಭಜಿಯ ಮೇಲೆ ಇದನ್ನು ಉದುರಿಸಿದರೆ ಅದರ ಶಾಖಕ್ಕೆ ಬಳ್ಳೊಳ್ಳಿ ಮತ್ತೆ ಘಮ್ಮೆನ್ನುತ್ತದೆ. ಒಬ್ಬ ಅಜ್ಜ ಮನೆಯಿಂದ ತಂದ ಗಟ್ಟಿ ಮೊಸರನ್ನು ಡಬ್ಬಿ ಮುಚ್ಚಳದಲ್ಲಿ ಹಾಕಿಕೊಂಡು, ಅದರಲ್ಲಿ ಹಿಂಡಿ ಕಲಸಿ, ಭಜಿ ಅದ್ದಿ ಅದ್ದಿ ತಿನ್ನುತ್ತಿದ್ದ. ನನಗೂ ಸ್ವಲ್ಪ ಕೊಟ್ಟ. ಅಂಥದ್ದನ್ನು ಮತ್ತೆ ತಿಂದಿಲ್ಲ.

ಅದೇ ತಾಲ್ಲೂಕಿನ ದೇವಲ ಗಾಣಗಾಪುರ ದತ್ತಾತ್ರೇಯ ಕ್ಷೇತ್ರ. ರೈಲಿನಲ್ಲಿ ಬರುವವರು ಗಾಣಗಾಪುರ ರೋಡ್ ಎಂಬ ಸ್ಟೇಷನ್ನಿನ ಹೆಸರು ನಂಬಿ ಇಳಿದು, ಗುಡಿ ಎಲ್ಲಿ ಎಂದು ಕೇಳುತ್ತಾರೆ. ಗುಡಿ ಅಲ್ಲಿಂದ ಇನ್ನೂ ಸುಮಾರು 20 ಕಿ.ಮೀ. ಗುರುವಾರ ವಿಪರೀತ ಜನ. ಮಧ್ಯಾಹ್ನ ಭಕ್ತರು ಮನೆಮನೆಗೆ ಹೋಗಿ ಮಾಧುಕರಿ ಭಿಕ್ಷೆ ಬೇಡುವುದು ಅಲ್ಲಿಯ ಪದ್ಧತಿ, ಮಕ್ಕಳಿಗೆ ತೋರಿಸಿ. ಆಳಂದ ತಾಲ್ಲೂಕಿನ ಅಮರ್ಜಾ ಹೊಳೆ ಬಂದು ಭೀಮೆಯನ್ನು ಕೂಡುವುದು ಇಲ್ಲೇ. ಅಲ್ಲಿ ಮೀನಿನ ಸುದ್ದಿ ಎತ್ತಬೇಡಿ, ಸಭ್ಯತೆ ಅಲ್ಲ. ಇಂಥ ಕ್ಷೇತ್ರಗಳಲ್ಲಿ ‘ಎಲ್ಲಾ ತೋರಿಸ್ತೀನಿ’ ಎಂದು ಬೆನ್ನು ಹತ್ತುವವರು ಇರುತ್ತಾರೆ. ಅಂಥವನೊಬ್ಬ ನನ್ನಿಂದ ಮೂರು ಸಲ ದಕ್ಷಿಣೆ ಇಸಿದುಕೊಂಡು, ನನಗೆ ಕಾಣುತ್ತಲೇ ಇದ್ದ ಹೊಳೆಯನ್ನು ಕೈಮಾಡಿ ತೋರಿಸಿ, “ಇದೇ ಹೊಳಿ ನೋಡ್ರಿ” ಎಂದ.

ಈಗ ಮೀನು. ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಅಫಜಲಪುರ, ಜೇವರ್ಗಿ ಸೀಮೆ ಹಾಯ್ದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಅಣೆಕಟ್ಟು, ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನ ಬ್ಯಾರೇಜ್. ಉಜನಿ ನೀರು ಬಿಟ್ಟರೆ ಇಲ್ಲಿ ಊರೇ ಏಳುತ್ತದೆ. 2020ರ ಅಕ್ಟೋಬರಿನಲ್ಲಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕೆಂಪು ನೀರು ಇಳಿದು, ಹೊಳೆ ತಿಳಿಯಾದ ಮೇಲೆ, ಅಂದರೆ ನವೆಂಬರಿನಿಂದ, ಮೀನು ತಿನ್ನಲಿಕ್ಕೆ ಒಳ್ಳೆಯ ಕಾಲ.

ಹೆದ್ದಾರಿಯ ಧಾಬಾದಲ್ಲಿ ಮಾತ್ರ ಕೇಳಬೇಡಿ. ಒಂದು ಕಡೆ “ಹೊಳಿ ಮೀನ ಅದರಿ, ಈಗ ಬಂದದ” ಎಂದು ಭರವಸೆ ಕೊಟ್ಟು ತಟ್ಟೆಯಲ್ಲಿ ತಂದಿಟ್ಟದ್ದು ಬಂಗುಡೆ. ಹುಟ್ಟಿದಾಗಿನಿಂದ ಸಮುದ್ರ ಬಿಟ್ಟು ಬಾರದ ಮೀನು ಭೀಮಾ ಹೊಳೆಗೆ ಯಾವ ದಾರಿಯಿಂದ ಬಂತು ಎಂದು ಕೇಳಿದೆ. ಮಾಣಿ ಒಳಗೆ ಹೋದವನು ಮತ್ತೆ ಬರಲಿಲ್ಲ, ಬಿಲ್ಲು ಮಾತ್ರ ಬಂತು.

ಜೇವರ್ಗಿ ಕಡೆ ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಕೆಳಗೆ ನೋಡಿ, ಹೊಳೆ ಎಷ್ಟು ಅಗಲ ಎಂದು ತಿಳಿಯುತ್ತದೆ. ಮೀನು ಹಿಡಿಯುವ ಅಂಬಿಗರ, ಕಬ್ಬಲಿಗರ ಓಣಿಗಳು ದಂಡೆಯ ಊರುಗಳಲ್ಲಿವೆ. ಪರಿಚಯದವರೊಬ್ಬರು ಅಂಥ ಒಂದು ಮನೆಗೆ ಕರೆದೊಯ್ದರು. ಮನೆಯವ್ವ ಮರಳಮೀನನ್ನು ಬೂದಿ ಹಚ್ಚಿ ತಿಕ್ಕಿದಳು, ಜಾರುವ ಲೋಳೆ ಹಾಗೆಯೇ ಹೋಗುವುದು. ಈಳಿಗೆಯನ್ನು ಕಾಲಲ್ಲಿ ಅದುಮಿ ಹಿಡಿದು ಹೋಳು ಮಾಡಿದಳು. ಅರಿಶಿಣ, ಉಪ್ಪು, ಖಾರ, ಬಳ್ಳೊಳ್ಳಿ, ಹುಂಚಿಹುಳಿ ಸವರಿ ಬಿಟ್ಟು, ಹಂಚಿಗೆ ಹಾಕುವ ಮುಂಚೆ ಜೋಳದ ಹಿಟ್ಟಿನಲ್ಲಿ ಒಮ್ಮೆ ಹೊರಳಿಸಿದಳು. ಇಂಗ್ಲೆಂಡಿನವರದು ಮೈದಾ ಕಲಸಿದ ದಪ್ಪ ಅಂಗಿ. ಇದು ತೆಳು ಪಂಚೆ. ಕಚ್ಚಿದರೆ ಕರ್ರೆಂದು, ಒಳಗೆ ಬೆಳ್ಳಗೆ.

“ಮ್ಯಾಲ ಏನರೆ ಹಾಕ್ತೀರೇನವ್ವಾ?” ಎಂದೆ, ಮೂರು ದಿನದ ಚಾಳಿ. “ಮೀನಿಗಿ ಯಾರರ ಹಿಂಡಿ ಹಾಕ್ತಾರೇನೋ ತಮ್ಮಾ? ನಿಂಬಿಹಣ್ಣ ಹಿಂಡ್ಕೊ” ಎಂದು ನಕ್ಕಳು. ಇಲ್ಲಿ ನಾನು ತಮ್ಮ. ಕಾಕಾ ಅನ್ನಿಸಿಕೊಂಡ ನೋವು ಹೋಯಿತು.

ಮಕ್ಕಳಿರುವವರಿಗೆ: ಹಲ್‌ನ ಹ್ಯಾಡಕ್ ಮೀನು ಮುಳ್ಳು ತೆಗೆದೇ ಬರುತ್ತದೆ. ಇಲ್ಲಿಯ ರೋಹು, ಕಟ್ಲಾದಲ್ಲಿ ಕವಲೊಡೆದ ಸಣ್ಣ ಮುಳ್ಳು ಬಹಳ. ಮರಳಮೀನು ಕೇಳಿ, ಮುಳ್ಳು ಕಡಿಮೆ, ದರ ಹೆಚ್ಚು. ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ನಾನು ಹೋದಾಗ ಮಿರ್ಚಿ ಪ್ಲೇಟಿಗೆ ಇಪ್ಪತ್ತೋ ಮೂವತ್ತೋ ಇತ್ತು. ಮೀನಿನ ದರ ಆಯಾ ದಿನದ್ದು, ನಿಮ್ಮ ಮುಖ ನೋಡಿ ಹೇಳಿದ್ದು.

ಮುಳ್ಳಿನ ಸಹವಾಸವೇ ಬೇಡ ಎನ್ನುವ ಮಕ್ಕಳಿಗೆ ಡಿಸೆಂಬರಿನಲ್ಲಿ ಇನ್ನೊಂದು ಉಪಾಯವಿದೆ: ಉಪ್ಪು ಹಾಕಿ ಕುದಿಸಿದ ಹಸಿ ತೊಗರಿಕಾಯಿ. ಬೆರಳಲ್ಲಿ ಒತ್ತಿ ಕಾಳು ಬಾಯಿಗೆ ಹಾರಿಸುವ ಆಟಕ್ಕೆ ಚಿಪ್ಸ್ ಮರೆಯುತ್ತಾರೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು ಎಂದು ಎಲ್ಲರೂ ಹೇಳುತ್ತಾರೆ, ಹಸಿಕಾಯಿಯ ರುಚಿಯನ್ನು ಯಾರೂ ಹೇಳುವುದಿಲ್ಲ.

ಜೇವರ್ಗಿ ಪೇಟೆಯಲ್ಲಿ ಸಂಜೆ ಮಿರ್ಚಿ ಒಂಟಿಯಾಗಿ ಬರಲಿಲ್ಲ, ಸುಸ್ಲಾದ ಮೇಲೆ ಕೂತು ಬಂತು. ಚುರಮುರಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ–ಹಸಿಮೆಣಸಿನಕಾಯಿ ಒಗ್ಗರಣೆಯಲ್ಲಿ ಹೊರಳಿಸಿದ್ದು ಸುಸ್ಲಾ. ಅರಿಶಿಣದ ಹಳದಿ, ನಡುವೆ ಶೇಂಗಾ. ಇಲ್ಲಿ ಮೇಲೆ ಬೀಳುವುದು ಖಾರವಲ್ಲ, ನುಣ್ಣಗಿನ ಪುಟಾಣಿ ಹಿಟ್ಟು. ಖಾರ ಅಡಿಯಲ್ಲಿ, ತಂಪು ಮೇಲೆ. ಮೂರೂ ಊರಿನಲ್ಲಿ ಯಾವುದು ಮೇಲು ಎಂದರೆ ನಾನು ಅಫಜಲಪುರದ ಹಿಂಡಿಗೇ ಕೈ ಎತ್ತುವವನು, ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಜೇವರ್ಗಿಗೆ.

ಒಂದೇ ಎಚ್ಚರ: ಅಂಗಡಿಯೊಳಗೆ ಫ್ಯಾನಿನ ಕೆಳಗೆ ಕೂರಬೇಡಿ. ಹುಡುಗ ಪುಟಾಣಿ ಹಿಟ್ಟು ಉದುರಿಸಿದ್ದು ಸುಸ್ಲಾಕ್ಕೆ, ಬಿದ್ದದ್ದು ನನ್ನ ಕನ್ನಡಕಕ್ಕೆ.