ಬಿಲ್ಲು ಬಂದ ದಿನವೇ ಯು.ಸಿ. ಶುರು

ಬಬಲೇಶ್ವರ, ತಿಕೋಟಾ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲೆಕ್ಕ ಬರೆಯುವ ಮಕ್ಕಳೇ, ಮಾರ್ಚ್ ಬಂತೆಂದರೆ ನಿಮ್ಮ ಮುಖ ನೋಡಲಾಗುವುದಿಲ್ಲ. ಜಿಲ್ಲೆಯಿಂದ ಫೋನ್ ಬಂದಾಗಲೇ ಯು.ಸಿ., ಅಂದರೆ ಹಣ ಬಳಕೆ ಪ್ರಮಾಣಪತ್ರದ ನೆನಪು, ಆಮೇಲೆ ಕಪಾಟು ಕೆದಕುವುದು. ಹಣ ತಿಂದವರಿಗಿಂತ ಕಾಗದ ಕಳೆದವರೇ ಹೆಚ್ಚು ನೋಟಿಸ್ ತಿಂದದ್ದನ್ನು ಕಂಡವಳು ನಾನು. ಅದಕ್ಕೇ ನಾಲ್ಕು ಮಾತು ಹೇಳ್ತೀನಿ, ಬೇಜಾರಾಗಬೇಡಿ.

• ಅನುದಾನ ಜಮಾ ಆದ ದಿನ ಖುಷಿಪಡುವ ಮೊದಲು ಆದೇಶದ ಪ್ರತಿ ತೆಗೆದು ಓದಿ. ಯಾವುದಕ್ಕೆ ಖರ್ಚು ಮಾಡಬಹುದು, ಯಾವ ತಾರೀಖಿನೊಳಗೆ ಅನ್ನುವುದಕ್ಕೆ ಕೆಂಪು ಗೆರೆ ಎಳೆದಿಡಿ. ಕೋವಿಡ್‌ ಹೊತ್ತಿನಲ್ಲಿ ಏನಾಯ್ತು ನೋಡಿ: ಎರಡನೇ ಅಲೆ ಜೋರಾಗಿ ಬಡಿದದ್ದು 2021ರ ಏಪ್ರಿಲ್, ಮೇ ತಿಂಗಳಲ್ಲಿ. ಕೇಂದ್ರ ಘೋಷಿಸಿದ 23,123 ಕೋಟಿ ರೂಪಾಯಿಯ ಎರಡನೇ ಕೋವಿಡ್ ತುರ್ತು ಪ್ಯಾಕೇಜಿನ ಅವಧಿ ಜುಲೈ 1ರಿಂದ ಮರುವರ್ಷ ಮಾರ್ಚ್ 31ರವರೆಗೆ. ಮೇ ತಿಂಗಳ ಬಿಲ್ಲನ್ನು ಅದರೊಳಗೆ ತುರುಕಿದರೆ ಖರ್ಚು ಎಷ್ಟೇ ನಿಜವಿರಲಿ, ಆಡಿಟ್‌ನವರು ಹೊರಗೆ ತೆಗೆದಿಡುತ್ತಾರೆ.

• ಮುಕ್ತ ನಿಧಿ, ಆರೋಗ್ಯ ರಕ್ಷಾ ಸಮಿತಿಯ ಹಣ, ತುರ್ತು ಪರಿಹಾರದ ಹಣ, ಒಂದೊಂದಕ್ಕೂ ಬೇರೆ ಫೈಲು, ಬೇರೆ ಲೆಡ್ಜರ್ ಪುಟ ಮಾಡಿ. ಜೋಳದ ಹಿಟ್ಟು, ಗೋಧಿ ಹಿಟ್ಟು ಒಂದೇ ಡಬ್ಬಿಗೆ ಸುರಿದರೆ ಆಮೇಲೆ ಜರಡಿ ಹಿಡಿದು ಬೇರೆ ಮಾಡಲಾಗುವುದಿಲ್ಲ.

• ಮೆಷಿನ್‌ನಿಂದ ಬರುವ ನುಣುಪು ಕಾಗದದ ಬಿಲ್ಲನ್ನು ಅಂದೇ ಝೆರಾಕ್ಸ್ ಮಾಡಿಸಿ, ಎರಡನ್ನೂ ಸೇರಿಸಿ ಪಿನ್ ಮಾಡಿ. ನಮ್ಮ ವಿಜಯಪುರದ ಬಿಸಿಲಿಗೆ ಅದರ ಅಕ್ಷರ ಒಂದು ಬೇಸಿಗೆಯೂ ತಡೆಯುವುದಿಲ್ಲ. ಎರಡು ರೂಪಾಯಿ ಉಳಿಸಲು ಹೋಗಿ ಎರಡು ಸಾವಿರದ ವೋಚರ್ ಬಿಳಿ ಹಾಳೆಯಾಗುತ್ತದೆ.

• ಮುಂಗಡ ಕೊಟ್ಟದ್ದನ್ನು ಖರ್ಚು ಅಂತ ಬರೆಯಬೇಡಿ. ಶಿಬಿರಕ್ಕೆಂದು ಸಿಸ್ಟರ್ ಕೈಗೆ ಐದು ಸಾವಿರ ಕೊಟ್ಟರೆ, ಆಕೆ ಬಿಲ್ಲು ತಂದುಕೊಡುವತನಕ ಅದು ಮುಂಗಡವೇ. ಪ್ರಮಾಣಪತ್ರದಲ್ಲಿ ಅಂಕಿ ದಪ್ಪಗೆ ಕಾಣಲಿ ಅಂತ ಸೇರಿಸಿದರೆ, ಹಣ ವಾಪಸ್ ಬಂದ ದಿನ ಯಾವ ಕಾಲಂನಲ್ಲಿ ಬರೀತೀರಿ?

• ತುರ್ತು ಅಂದರೆ ಕಾಗದ ಬೇಡ ಅಂತಲ್ಲ, ಇದನ್ನು ಚೆನ್ನಾಗಿ ನೆನಪಿಡಿ. ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಲ್ಲಿ ಸರ್ಕಾರ ಘೋಷಿಸಿದ ವಿಪತ್ತಿನ ಹೊತ್ತಿಗೆ ಟೆಂಡರ್‌ನಿಂದ ವಿನಾಯಿತಿ ಇದೆ. ಆದರೆ ಆ ವಿನಾಯಿತಿಯಲ್ಲೇ ತೆಗೆದುಕೊಂಡಿರಿ ಅನ್ನುವುದಕ್ಕೂ ಒಂದು ಟಿಪ್ಪಣಿ ಬೇಕಲ್ಲ! ಯಾಕೆ ತುರ್ತು, ಯಾರ ಒಪ್ಪಿಗೆ, ಬೇರೆ ಅಂಗಡಿಯಲ್ಲಿ ದರ ಎಷ್ಟಿತ್ತು, ಅಂದೇ ಅರ್ಧ ಪುಟ ಬರೆದು ವೈದ್ಯಾಧಿಕಾರಿಗಳ ಸಹಿ ಹಾಕಿಸಿ. ಕೋವಿಡ್ ಕಾಲದ ಖರೀದಿಗಳನ್ನು ನೋಡಲು ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಆಯೋಗ ಬಂದದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಖರೀದಿ ಮಾಡಿದವರು ಯಾವ ತಾಲೂಕಿಗೆ ಹೋಗಿರುತ್ತಾರೋ. ಕುರ್ಚಿಯಲ್ಲಿ ಕೂತ ಹೊಸಬರು ಫೈಲು ನೋಡಿಯೇ ಉತ್ತರ ಕೊಡಬೇಕು.

• ಬಿಲ್ಲಿನ ಬೆನ್ನ ಮೇಲೆ ದಾಸ್ತಾನು ವಹಿಯ ಪುಟ ಸಂಖ್ಯೆ ಬರೆಯಿರಿ. ಮಾಸ್ಕ್ ಬಂತು ಅನ್ನುವುದಕ್ಕೆ ಬಿಲ್ಲು ಸಾಕ್ಷಿಯಲ್ಲ, ವಹಿ ಸಾಕ್ಷಿ.

• ದಾನಿಗಳು ಕೊಟ್ಟ ಆಕ್ಸಿಜನ್ ಕಾನ್ಸಂಟ್ರೇಟರ್, ಮಂಚ, ಗಾದಿಗಳನ್ನು ವಹಿಯಲ್ಲಿ ಬೇರೆ ಪುಟಕ್ಕೆ ಏರಿಸಿ, ಕೊಟ್ಟವರ ಪತ್ರ ಹಚ್ಚಿ. ಅನುದಾನದಲ್ಲಿ ಕೊಂಡದ್ದರ ಜೊತೆ ಬೆರೆತರೆ, ಎರಡು ಯಂತ್ರಕ್ಕೆ ಬಿಲ್ಲಿದೆ, ಐದು ಯಂತ್ರ ಎಲ್ಲಿಂದ ಬಂದವು ಅಂತ ಶುರುವಾಗುತ್ತದೆ. ಪುಣ್ಯದ ಕೆಲಸಕ್ಕೂ ವಿವರಣೆ ಕೊಡುತ್ತ ಕೂಡಬೇಕು. ಮೂಲೆಗೆ ಸೇರಿದ ಯಂತ್ರವನ್ನು ಆಗಾಗ ಚಾಲೂ ಮಾಡಿ ನೋಡಿ, ವಾರಂಟಿ ಮುಗಿಯುವ ತಾರೀಖನ್ನು ಅದರ ಮೇಲೇ ಅಂಟಿಸಿ.

• ಸಣ್ಣ ಹಣಕ್ಕೆ ಸಸಾರ ಬೇಡ. ಊರಿನ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ ಬರುವುದು ಹೆಚ್ಚೆಂದರೆ 10,000 ರೂಪಾಯಿ. ಬ್ಲೀಚಿಂಗ್ ಪೌಡರ್ ತಂದಿರಿ, ಚರಂಡಿ ಬಳಿಸಿದಿರಿ, ಎಲ್ಲ ಸರಿ. ಆದರೆ ಠರಾವು ಬರೆದಿರಾ? ಸಭೆ ನಡೆದ ಜಾಗದಲ್ಲೇ ಬರೆದು ಸಹಿ ತೆಗೆದುಕೊಳ್ಳಿ. ಸುಗ್ಗಿ ಬಂದರೆ ಸದಸ್ಯರು ಹೊಲದಲ್ಲಿರುತ್ತಾರೆ, ತಿಕೋಟಾ ಕಡೆಯಾದರೆ ದ್ರಾಕ್ಷಿ ತೋಟದಲ್ಲಿ. ಒಂದು ಸಹಿಗೆ ಬದುವಿನ ಮೇಲೆ ಓಡಾಡಬೇಕಾಗುತ್ತದೆ.

• ಬ್ಯಾಂಕ್ ಬಡ್ಡಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ನಾಲ್ಕು ನೂರೇ ಇರಲಿ, ಅದು ನಿಮ್ಮ ಚಹಾ ಖರ್ಚಿನದಲ್ಲ.

• ತಿಂಗಳಿಗೊಮ್ಮೆ ಪಾಸ್‌ಬುಕ್ ತುಂಬಿಸಿ ಕ್ಯಾಶ್ ಬುಕ್ ಜೊತೆ ತಾಳೆ ನೋಡಿ. ಕೊಟ್ಟ ಚೆಕ್ ಎಷ್ಟೋ ಸಲ ಅಂಗಡಿಯವರ ಗಲ್ಲಾಪೆಟ್ಟಿಗೆಯಲ್ಲೇ ಮಲಗಿರುತ್ತದೆ. ಮಾರ್ಚ್ 31ರ ಉಳಿಕೆ ಹೊಂದದಿದ್ದರೆ ರಾತ್ರಿಯಿಡೀ ಕೂಡಿದರೂ ಹೊಂದುವುದಿಲ್ಲ.

• ಖಾಸಗಿ ಆಸ್ಪತ್ರೆಯವರಿಗೂ ಒಂದು ಮಾತು. 2020ರ ಜೂನ್‌ನಲ್ಲಿ ಸರ್ಕಾರ ತಾನು ಕಳಿಸಿದ ಕೋವಿಡ್ ರೋಗಿಗಳಿಗೆ ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200, ವೆಂಟಿಲೇಟರ್ ಇರುವ ಐಸಿಯುಗೆ 10,000 ರೂಪಾಯಿ ದರ ಕಟ್ಟಿತ್ತು. ಇಂಥ ಹಣ ಕೇಳುವಾಗ ಕಳಿಸಿದ ಪತ್ರ, ಟೆಸ್ಟ್ ವರದಿ, ವಾರ್ಡ್ ಬದಲಾದ ದಿನ, ಡಿಸ್ಚಾರ್ಜ್ ಸಾರಾಂಶ, ನಾಲ್ಕೂ ಒಂದೇ ಕಡೆ ಹೊಲಿದಿಡಿ. ಐಸಿಯುನಿಂದ ವಾರ್ಡಿಗೆ ಇಳಿಸಿದ ದಿನ ಬರೆಯಲು ಮರೆತರೆ ಬಿಲ್ಲು ಕಡಿತವಾಗುತ್ತದೆ. ಅದೇ ದಿನಕ್ಕೆ ಮನೆಯವರಿಂದಲೂ ದುಡ್ಡು ಇಸಿದುಕೊಂಡಿದ್ದರೆ ಕಡಿತಕ್ಕೇ ನಿಲ್ಲುವುದಿಲ್ಲ.

• ಕೇಂದ್ರದ ಹಣಕಾಸು ನಿಯಮದಲ್ಲಿ ಯು.ಸಿ. ಕೊಡಲು ವರ್ಷ ಮುಗಿದು ಹನ್ನೆರಡು ತಿಂಗಳ ಅವಕಾಶವಿದೆ ಅಂತ ಕಾಲು ಚಾಚಬೇಡಿ. ತಾಲೂಕು, ಜಿಲ್ಲೆ, ಬೆಂಗಳೂರು ದಾಟಿ ಹೋಗಬೇಕಾದ ಕಾಗದವದು. ನಿಮ್ಮಿಂದ ಏಪ್ರಿಲ್‌ನಲ್ಲೇ ಹೊರಟರೆ ಮುಂದಿನ ಕಂತು ಬೇಗ ಬಂದೀತು. ಖರ್ಚಾಗದೆ ಉಳಿದದ್ದಿದ್ದರೆ ಉಳಿದಿದೆ ಅಂತಲೇ ಬರೆಯಿರಿ. ಮಾರ್ಚ್ ಕೊನೆಗೆ ಸಿಕ್ಕಿದ್ದು ಕೊಂಡು ಸೊನ್ನೆ ಮಾಡುವ ಚಟ ಬೇಡ, ಹಾಗೆ ಬಂದ ಸ್ಯಾನಿಟೈಸರ್ ಕ್ಯಾನುಗಳು ಅವಧಿ ಮೀರಿ ಕೂತದ್ದನ್ನು ಬಹಳ ನೋಡಿದ್ದೇನೆ.

• ಫೈಲುಗಳನ್ನು ನೆಲಕ್ಕೆ ಇಡಬೇಡಿ, ಗೆದ್ದಲು ಆಡಿಟ್‌ಗಿಂತ ಮೊದಲೇ ಬರುತ್ತದೆ.

• ವರ್ಗಾವಣೆಯಾದರೆ ಯಾವ ಫೈಲು ಎಲ್ಲಿದೆ, ಯಾವ ಮುಂಗಡ ಬಾಕಿ, ಯಾವ ಪ್ರಮಾಣಪತ್ರ ಕಳಿಸಿಲ್ಲ ಅಂತ ಪಟ್ಟಿ ಬರೆದು, ಬಂದವರ ಸಹಿ ತೆಗೆದುಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಪಾಟಿನ ಕೀಲಿಕೈ ಮಾತ್ರ ಕೊಟ್ಟು ಬಸ್ ಹತ್ತಿಬಿಡಬೇಡಿ!